ತೇಲಿದ ಮೀನು, ತಟ್ಟೆಗೆ ಬಂದ ಮೀನು

ಬೇಸಿಗೆ ಬಂತೆಂದರೆ ಶಿರೋಳ ತಾಲ್ಲೂಕಿನ ತೇರವಾಡ ಬಂಧಾರದ ಚಿತ್ರ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಪ್ಪುಗಟ್ಟಿದ ನೀರು, ಹೊಟ್ಟೆ ಮೇಲಾಗಿ ತೇಲುವ ಮೀನು, ಮೂಗಿಗೆ ಬಟ್ಟೆ ಹಿಡಿದು ನಿಂತ ಜನ, ಬಾಟಲಿಯಲ್ಲಿ ನೀರು ತುಂಬಿಸಿಕೊಳ್ಳುವ ಅಧಿಕಾರಿ. ಅದು ಮಹಾರಾಷ್ಟ್ರದ ಪಂಚಗಂಗೆ. ಕೊಲ್ಲಾಪುರ ಮತ್ತು ಇಚಲಕರಂಜಿಯ ಹೊಲಸನ್ನು ಹೊತ್ತು ಬಂದು ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಕೆಳಗೆ ರಾಜಾಪುರ ಬಂಧಾರ, ಅದರಾಚೆ ನಮ್ಮ ಗಡಿ. ಎಡದಂಡೆಗೆ ಕಾಗವಾಡ ತಾಲ್ಲೂಕಿನ ಜುಗೂಳ, ಮಂಗಾವತಿ, ಶಹಾಪುರ. ಬಲದಂಡೆಗೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ, ಯಡೂರ, ಮಾಂಜರಿ, ಅಂಕಲಿ. ಇನ್ನೂ ಮುಂದೆ ಉಗಾರ, ಕುಡಚಿ, ಆಮೇಲೆ ಅಥಣಿ ತಾಲ್ಲೂಕಿನ ದಂಡೆ, ಕೊನೆಗೆ ಹಿಪ್ಪರಗಿ ಬ್ಯಾರೇಜಿನ ಹಿನ್ನೀರು. 2023ರ ಮಾರ್ಚ್‌ನಲ್ಲಿ ಸಾಂಗ್ಲಿಯ ಹತ್ತಿರ ಕೃಷ್ಣೆಯಲ್ಲೇ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಈ ಊರುಗಳಲ್ಲೆಲ್ಲ ಒಂದೇ ಮಾತು: ಇನ್ನು ಹೊಳೆ ಮೀನು ತಿನ್ನಬಹುದೋ ಬೇಡವೋ?

ಈ ಮಾತಿನೊಳಗೆ ಒಂದಕ್ಕೊಂದು ಹೆಚ್ಚು ಸಂಬಂಧವಿಲ್ಲದ ಎರಡು ಪ್ರಶ್ನೆಗಳು ಗಂಟುಬಿದ್ದಿವೆ. ಮೀನನ್ನು ಕೊಂದದ್ದು ಏನು ಎಂಬುದು ಒಂದು. ಸಾಯದೆ ಉಳಿದ ಮೀನಿನೊಳಗೆ ಏನಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕ್ಯಾಮೆರಾ ಬರುತ್ತದೆ, ನ್ಯಾಯಮಂಡಳಿಯವರೆಗೆ ದೂರು ಹೋಗುತ್ತದೆ. ಎರಡನೆಯದು ಸಂತೆಯಲ್ಲಿ ತೂಕಕ್ಕೆ ಬಿದ್ದು ಮನೆಗೆ ಹೋಗಿ ಸಾರಾಗುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್‌ಗಳ ವಿಚಾರವೆಲ್ಲ ಈ ಎರಡನೆಯದಕ್ಕೆ ಸೇರಿದ್ದು.

ಹೊಳೆಯಲ್ಲಿ ಒಮ್ಮೆಲೇ ಸಾವಿರಾರು ಮೀನು ಸಾಯುವುದು ಹೆಚ್ಚಾಗಿ ಉಸಿರುಗಟ್ಟಿ. ಡಿಸ್ಟಿಲರಿಯ ಸ್ಪೆಂಟ್ ವಾಶ್, ಕಾಕಂಬಿ, ಊರಿನ ಚರಂಡಿ ನೀರು ಹೊಳೆಗೆ ಬಿದ್ದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಕಚ್ಚಾ ಸ್ಪೆಂಟ್ ವಾಶಿನ ಬಿಒಡಿ (ಹೀಗೆ ಕೊಳೆಯಲು ಬೇಕಾಗುವ ಆಮ್ಲಜನಕ) ಲೀಟರಿಗೆ 40,000 ಮಿಲಿಗ್ರಾಂ ದಾಟುವುದು ಸಾಮಾನ್ಯ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಅದು 3 ಮಿಲಿಗ್ರಾಂ ಮೀರಬಾರದು. ಇಷ್ಟು ಅಂತರವಿರುವಾಗ ಒಂದೆರಡು ಟ್ಯಾಂಕರ್ ಮಾಲು ರಾತ್ರಿ ಹೊಳೆಗೆ ಇಳಿದರೆ ಸಾಕು, ಬಂಧಾರದ ಹಿಂದೆ ನಿಂತ ನೀರಿನಲ್ಲಿ ಬೆಳಗಾಗುವ ಹೊತ್ತಿಗೆ ಮೀನು ಬಾಯಿ ತೆರೆದು ಮೇಲೆ ಬರುತ್ತವೆ. ಇದರಲ್ಲಿ ಲೋಹದ ಪಾತ್ರ ತೀರ ಕಡಿಮೆ. ಹೊಸ ನೀರು ಬಂದು ಹೊಳೆ ತಿಳಿಯಾದ ಮೇಲೆ ಜನ ಮೊದಲಿನಂತೆ ಮೀನು ಕೊಳ್ಳತೊಡಗುತ್ತಾರೆ. ಉಸಿರಿನ ಪ್ರಶ್ನೆ ಮುಗಿಯಿತು ಎನ್ನುವುದಕ್ಕೆ ಅಷ್ಟು ಸಾಕು. ಲೋಹಕ್ಕೆ ನೀರಿನ ತಿಳಿ ಸಾಕ್ಷಿಯಾಗುವುದಿಲ್ಲ.

ಸರ್ಕಾರದ ಅಳತೆಗೋಲಿಗೂ ಇದೇ ಕುರುಡುತನ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಳೆಯ ನೀರನ್ನು ಎ ಯಿಂದ ಇ ವರೆಗೆ ಐದು ದರ್ಜೆಗಳಲ್ಲಿ ಹಂಚಿದೆ. ಅದರಲ್ಲಿ ಡಿ ದರ್ಜೆ ವನ್ಯಜೀವಿ ಮತ್ತು ಮೀನುಗಾರಿಕೆಗೆ. ಅದಕ್ಕೆ ಕೇಳುವುದು ಮೂರೇ ಲೆಕ್ಕ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಬಿಡಿ ಅಮೋನಿಯಾ 1.2 ಮಿಲಿಗ್ರಾಂ ಒಳಗೆ. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ, ಪಾದರಸವಿಲ್ಲ. ಮೀನು ಬದುಕುತ್ತದೆಯೇ ಎಂದು ಈ ದರ್ಜೆ ಕೇಳುತ್ತದೆ. ಅದನ್ನು ತಿಂದವರ ಗತಿ ಏನು ಎಂದು ಕೇಳುವುದಿಲ್ಲ. ಹಾಗಾಗಿ ‘ಮೀನುಗಾರಿಕೆಗೆ ಯೋಗ್ಯ’ ಎಂಬ ಷರಾ ಓದಿ ಯಾರೂ ಊಟಕ್ಕೆ ಧೈರ್ಯ ತಂದುಕೊಳ್ಳಬೇಕಾಗಿಲ್ಲ.

ಈ ಗಡಿ ತಾಲ್ಲೂಕುಗಳ ಹೊಳೆಗಳಿಗೆ ಲೋಹ ಬರುವ ದಾರಿಗಳು ಹಲವು, ಒಂದೊಂದರ ತೂಕವೂ ಬೇರೆ. ಇಚಲಕರಂಜಿಯ ಮಗ್ಗಗಳ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರೆಂದರೆ ಎಲ್ಲರ ಬೆರಳೂ ಅತ್ತ ತಿರುಗುತ್ತದೆ. ಕೆಲವು ಬಗೆಯ ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ, ಕೋಬಾಲ್ಟ್ ಸೇರಿರುವುದು ನಿಜ. ಆದರೆ ಆ ನೀರಿನ ಮುಖ್ಯ ಹೊರೆ ಉಪ್ಪು, ಕ್ಷಾರ ಮತ್ತು ಬಣ್ಣ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತಾಗ ಕಾರಣ ಲೋಹವಲ್ಲ, ಕುಡಿಯುವ ನೀರಿಗೆ ಸೇರಿದ ಹೆಪಟೈಟಿಸ್ ಇ ವೈರಸ್. ಬಣ್ಣದ ನೀರು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲ ಆರೋಪವೂ ಅದರ ಮೇಲೆ ಬೀಳುತ್ತದೆ. ಲೋಹದ ಮಟ್ಟಿಗೆ ನನ್ನ ಕಣ್ಣು ಹೋಗುವುದು ಇನ್ನೂ ಮೇಲಕ್ಕೆ. ಕೊಲ್ಲಾಪುರದ ಉದ್ಯಮನಗರ, ಶಿರೋಲಿ, ಗೋಕುಳ ಶಿರಗಾವದ ಫೌಂಡ್ರಿಗಳು, ಕಾಗಲ್–ಹಾತಕಣಂಗಲೆ ಕೈಗಾರಿಕಾ ವಸಾಹತು, ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣ ಅಂಗಡಿಗಳು, ನಿಪ್ಪಾಣಿಯಿಂದ ಹೆಚ್ಚು ದೂರವಿಲ್ಲದ ಹುಪರಿಯ ಬೆಳ್ಳಿ ಕೆಲಸದ ಮನೆಗಳು. ಬೆಸುಗೆಗೆ ಕ್ಯಾಡ್ಮಿಯಂ ಬಳಸುವ ಪದ್ಧತಿ ಚಿನಿವಾರರಿಗೆ ಹೊಸದಲ್ಲ. ಒಂದು ಕಾಲಕ್ಕೆ ಅಂಗಡಿಯವರು ಹೆಮ್ಮೆಯಿಂದ ಹೇಳುತ್ತಿದ್ದ ‘ಕೆಡಿಎಂ ಚಿನ್ನ’ ಅಂಥ ಬೆಸುಗೆಯದೇ. ಅದರ ಹೊಗೆ ಮೊದಲು ಹೋಗುತ್ತಿದ್ದದ್ದು ಕೆಲಸಗಾರನ ಪುಪ್ಪುಸಕ್ಕೆ. ಇಂಥ ಸಣ್ಣ ಮೂಲಗಳಿಗೆ ಒಂದು ದೊಡ್ಡ ಕೊಳವೆಯಿಲ್ಲ. ಸಾವಿರ ಮೋರಿಗಳಿವೆ, ಮೊಹರು ಹಾಕಲು ಒಂದು ಗೇಟಿಲ್ಲ.

ದೂಧಗಂಗಾ ಮತ್ತು ವೇದಗಂಗಾ ಹೊಳೆಗಳು ಪಂಚಗಂಗೆ, ಕೃಷ್ಣೆಗಳಿಗಿಂತ ಸ್ವಚ್ಛ ಎಂಬ ಹೆಸರು ಉಳಿಸಿಕೊಂಡಿವೆ. ದೂಧಗಂಗೆಯಿಂದ ಇಚಲಕರಂಜಿಗೆ ಕುಡಿಯುವ ನೀರು ಒಯ್ಯುವ ಸುಳಕೂಡ ಯೋಜನೆಯನ್ನು 2023ರಲ್ಲಿ ಕಾಗಲ್ ಕಡೆಯ ದಂಡೆಯ ಜನ ತಡೆದು ನಿಂತದ್ದರ ಹಿಂದೆ ಈ ಸ್ವಚ್ಛತೆಯ ಬೆಲೆಯೂ ಇದೆ. ಈ ಎರಡು ಹೊಳೆಗಳು ನಿಪ್ಪಾಣಿ ತಾಲ್ಲೂಕಿನಲ್ಲಿ ಕೂಡಿ, ಸದಲಗಾ ದಾಟಿ, ಕಲ್ಲೋಳ–ಯಡೂರಿನ ಹತ್ತಿರ ಕೃಷ್ಣೆಗೆ ಸೇರುತ್ತವೆ. ಒಂದೇ ಊರಿನ ಪೇಟೆಯಲ್ಲಿ ದೂಧಗಂಗೆಯ ಮೀನೂ ಕೃಷ್ಣೆಯ ಮೀನೂ ಒಂದೇ ಬುಟ್ಟಿಯಲ್ಲಿರುವುದು ಹೀಗೆ.

ಹೊಲದಿಂದ ಬರುವುದೂ ಇದೆ. ರಂಜಕದ ಗೊಬ್ಬರ ಮಾಡುವ ಕಲ್ಲಿನಲ್ಲೇ ಕ್ಯಾಡ್ಮಿಯಂ ಇರುತ್ತದೆ. ವರ್ಷಗಟ್ಟಲೆ ಕಬ್ಬಿಗೆ ಸುರಿದ ಡಿಎಪಿಯೊಂದಿಗೆ ಅದು ಮಣ್ಣಿಗೂ, ಮಣ್ಣು ಕೊಚ್ಚಿಹೋದಾಗ ಹೊಳೆಗೂ ಹೋಗುತ್ತದೆ. ಅಥಣಿ ಭಾಗದ ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆದಾಗ ತಾಮ್ರ. ತಾಮ್ರ ಮೀನಿಗೆ ಮಹಾ ವಿಷ, ಮನುಷ್ಯನಿಗೆ ಅಷ್ಟಲ್ಲ. ಗಣೇಶನ ಹಬ್ಬಕ್ಕೆ ಹೊಳೆಗೆ ಬಿಡುವ ಮೂರ್ತಿಗಳ ಬಣ್ಣದಲ್ಲಿ ಸೀಸ, ಕ್ರೋಮಿಯಂ ಇರುವುದರಿಂದಲೂ ಮಾಲಿನ್ಯ ಮಂಡಳಿ 2010ರಲ್ಲಿ ವಿಸರ್ಜನೆಯ ಮಾರ್ಗಸೂಚಿ ತಂದು, 2020ರಲ್ಲಿ ಬಿಗಿಗೊಳಿಸಿತು. ಇನ್ನು ನೆಲದ ಪಾಲು. ಇಲ್ಲಿಯ ಎರೆಮಣ್ಣು ದಖ್ಖನ್ ಬಸಾಲ್ಟ್ ಕಲ್ಲು ಸವೆದು ಆದದ್ದು. ತಾಮ್ರ, ನಿಕಲ್, ಕ್ರೋಮಿಯಂ ಅದರ ಹುಟ್ಟುಗುಣ. ಹೊಳೆಯ ಹೂಳಿನಲ್ಲಿ ಇವು ಸಿಕ್ಕವೆಂದು ಕೂಡಲೇ ಕಾರ್ಖಾನೆಯತ್ತ ಕೈ ತೋರಿಸುವುದು ತಪ್ಪು. ಸೀಸ, ಕ್ಯಾಡ್ಮಿಯಂ, ಪಾದರಸ ಹೆಚ್ಚಿಗೆ ಸಿಕ್ಕರೆ ಮಾತ್ರ ಬಸಾಲ್ಟಿನ ನೆಪ ನಡೆಯುವುದಿಲ್ಲ.

ಬಂದ ಲೋಹ ನೀರಿನಲ್ಲಿ ತೇಲಿಕೊಂಡಿರುವುದಿಲ್ಲ. ಹೂಳಿನ ಕಣಕ್ಕೆ ಅಂಟಿಕೊಂಡು ತಳ ಸೇರುತ್ತದೆ. ನಮ್ಮ ಹೊಳೆಗಳು ಈಗ ಹರಿಯುವ ಹೊಳೆಗಳಾಗಿ ಉಳಿದಿಲ್ಲ. ದೀಪಾವಳಿ ಕಳೆದ ಮೇಲೆ ಹಲಗೆ ಹಾಕಿದ ಬಂಧಾರಗಳ ಹಿಂದೆ ಒಂದರ ಕೆಳಗೊಂದು ನಿಂತ ಮಡುಗಳು. ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ನಾದಿಂದ ನೀರು ಬಿಡಿ ಎಂದು ಬೆಳಗಾವಿ ಜಿಲ್ಲೆ ಮಹಾರಾಷ್ಟ್ರದ ಮುಂದೆ ಬೇಡುವ ಹೊತ್ತಿಗೆ ಮಡುಗಳಲ್ಲಿ ತಳದ ನೀರಷ್ಟೇ ಉಳಿದಿರುತ್ತದೆ. ಆಮ್ಲಜನಕವಿಲ್ಲದ ಈ ತಳದ ಕೆಸರಿನಲ್ಲಿಯೇ ಬ್ಯಾಕ್ಟೀರಿಯಾಗಳು ಸಾದಾ ಪಾದರಸವನ್ನು ಮಿಥೈಲ್ ಪಾದರಸವಾಗಿ ಬದಲಿಸುವುದು. ಚರಂಡಿ ನೀರಿನಿಂದ ಉಸಿರುಗಟ್ಟುವ ಹೊಳೆ ಮತ್ತು ಲೋಹ ತುಂಬುವ ಹೊಳೆ ಒಂದಕ್ಕೊಂದು ತಾಗುವ ಜಾಗ ಇದೊಂದೇ. 2005, 2019, 2021ರಂಥ ಮಹಾಪೂರ ಬಂದಾಗ ಈ ಹೂಳು ಕದಡಿ, ಒಂದಷ್ಟು ಕಬ್ಬಿನ ಗದ್ದೆಗೆ, ಒಂದಷ್ಟು ಹಿಪ್ಪರಗಿ–ಆಲಮಟ್ಟಿಯ ಹಿನ್ನೀರಿಗೆ ಹೋಗುತ್ತದೆ. ಮರುವರ್ಷ ಮತ್ತೆ ಕೂಡತೊಡಗುತ್ತದೆ.

ಮೀನಿನೊಳಗೆ ಹೋದ ಮೇಲೆ ಒಂದೊಂದು ಲೋಹದ ನಡೆ ಒಂದೊಂದು ಬಗೆ. ಇದನ್ನು ತಿಳಿಯದೆ ಕೊಡುವ ಸಲಹೆಗಳೆಲ್ಲ ಅರ್ಧ ಸತ್ಯ. ಮಿಥೈಲ್ ಪಾದರಸ ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಸಣ್ಣ ಮೀನನ್ನು ದೊಡ್ಡದು, ದೊಡ್ಡದನ್ನು ಇನ್ನೂ ದೊಡ್ಡದು ತಿಂದಂತೆ ಪ್ರತಿ ಮೆಟ್ಟಿಲಲ್ಲೂ ಹೆಚ್ಚುತ್ತ ಹೋಗುತ್ತದೆ. ಸೀಸ ಮತ್ತು ಕ್ಯಾಡ್ಮಿಯಂ ಹಾಗಲ್ಲ. ಸೀಸ ಎಲುಬು, ಹುರುಪೆ, ಕಿವಿರುಗಳಲ್ಲಿ ಕೂರುತ್ತದೆ. ಕ್ಯಾಡ್ಮಿಯಂ ಯಕೃತ್ತು ಮತ್ತು ಮೂತ್ರಪಿಂಡದಲ್ಲಿ. ಮಾಂಸದಲ್ಲಿ ಎರಡೂ ಕಡಿಮೆ.

ಜಗತ್ತಿನೆಲ್ಲೆಡೆ ವೈದ್ಯರು ಹೇಳುವ ‘ಸಣ್ಣ ಮೀನು ತಿನ್ನಿ, ದೊಡ್ಡದನ್ನು ಬಿಡಿ’ ಎಂಬ ಮಾತು ಪಾದರಸಕ್ಕೆ ಹುಟ್ಟಿದ್ದು, ಸಮುದ್ರದ ಮೀನಿಗೆ ಹೊಂದುವಂಥದ್ದು. ಕೃಷ್ಣೆಯ ದಂಡೆಯಲ್ಲಿ ಅದನ್ನೇ ಪಾಲಿಸಿದರೆ ತಿರುಗುಬಾಣ ಆದೀತು. ಕೆಸರಿನ ಪಕ್ಕದಲ್ಲೇ ಮೇಯುವ ಬೆರಳುದ್ದದ ಹೊಳೆ ಮೀನನ್ನು ತಲೆ, ಕರುಳು, ಮುಳ್ಳು ಸಮೇತ ಹುರಿದು ಕರುಂಕುರುಂ ಎಂದು ತಿನ್ನುವಾಗ ಪಾದರಸ ಕಡಿಮೆ ಬರುತ್ತದೆ, ಸರಿ. ಆದರೆ ಸೀಸ, ಕ್ಯಾಡ್ಮಿಯಂ ಕೂತಿರುವ ಅಂಗಗಳೆಲ್ಲ ಹೊಟ್ಟೆಗೇ ಹೋಗುತ್ತವೆ, ಜೊತೆಗೆ ಮೀನು ನುಂಗಿದ ಕೆಸರೂ. ಅದೇ ಹೊಳೆಯ ಎರಡು ಕಿಲೋ ಕಟ್ಲಾವನ್ನು ಹೊಟ್ಟೆ ತೆಗೆದು, ಕಿವಿರು ಕಿತ್ತು, ತುಂಡು ಮಾಡಿದರೆ ಆ ಎರಡು ಲೋಹಗಳಲ್ಲಿ ಬಹುಪಾಲು ಕತ್ತರಿಸುವವನ ಮಣೆಯ ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಕಟ್ಲಾ ಮೇಲಿನ ನೀರಿನಲ್ಲಿ ತೇಲುಜೀವಿ ತಿನ್ನುವ ಮೀನು. ರೋಹು ನಡುನೀರಿನದು. ಮೃಗಾಲ್, ಸಿಪ್ರಿನಸ್ ತಳ ಕೆದಕುವವು. ಮುರ್ಲ, ಬಾಳೆ ಮೀನು ಬೇರೆ ಮೀನು ಹಿಡಿದು ತಿನ್ನುವವು, ಪಾದರಸದ ಲೆಕ್ಕಕ್ಕೆ ಬರುವುದು ಇವೆರಡೇ. ಎಲ್ಲೆಡೆ ಹಬ್ಬಿರುವ ಚಿಲಾಪಿ (ತಿಲಾಪಿಯಾ) ಪಾಚಿ, ಕೊಳೆತ ಸೊಪ್ಪು ತಿಂದು ಬೇಗ ಬೆಳೆಯುತ್ತದೆ. ಅದನ್ನು ‘ಗಟಾರದ ಮೀನು’ ಎಂದು ಮೂಗು ಮುರಿಯುವವರು ಬಹಳ, ಆದರೆ ಪಾದರಸದಲ್ಲಿ ಅದು ತೀರ ಕೆಳಗಿನ ಸಾಲಿನದು. ಅಮೆರಿಕದ ಆಹಾರ ಇಲಾಖೆಯ ಪಟ್ಟಿಯಲ್ಲಿ ಚಿಲಾಪಿಯ ಸರಾಸರಿ ಕೆಜಿಗೆ 0.013 ಮಿಲಿಗ್ರಾಂ, ತಾರ್ಲಿ ಜಾತಿಗೂ ಅಷ್ಟೇ. ಗೆಂಡೆಗೆ 0.11. ಶಾರ್ಕಿಗೆ ಹತ್ತಿರ ಹತ್ತಿರ 1.

ಶಾರ್ಕ್ ಇಲ್ಲಿಯವರಿಗೂ ದೂರದ್ದಲ್ಲ. ನಿಪ್ಪಾಣಿ, ಚಿಕ್ಕೋಡಿಯ ಪೇಟೆಗೆ ಸಮುದ್ರದ ಮೀನು ಬರುವುದು ಮಾಲವಣ, ರತ್ನಾಗಿರಿ, ಗೋವಾ ಕಡೆಯಿಂದ ಘಟ್ಟ ಹತ್ತಿ. ಬಂಗಡೆ, ಸುರಮಯಿ, ಪಾಪ್ಲೇಟು, ಸೀಗಡಿ ಜೊತೆಗೆ ‘ಮೋರಿ’ ಎಂಬ ಹೆಸರಿನಲ್ಲಿ ಮರಿ ಶಾರ್ಕುಗಳೂ. ಬಾಣಂತಿಗೆ ಹಾಲು ಹೆಚ್ಚುತ್ತದೆಂದು ಕರಾವಳಿಯಲ್ಲಿ ಮೋರಿಯನ್ನು ಹುಡುಕಿ ತಂದು ಉಣಿಸುವ ರೂಢಿಯಿದೆ. ಪಾದರಸದ ದೃಷ್ಟಿಯಿಂದ ಬಾಣಂತಿಗೆ ಬೇಡವಾದ ಮೀನು ಯಾವುದೆಂದು ಕೇಳಿದರೆ ಮೊದಲು ಬರುವ ಹೆಸರೂ ಅದೇ. ಮರಿಯಾದರೆ ಕಡಿಮೆ, ಬೆಳೆದದ್ದಾದರೆ ಹೆಚ್ಚು.

ಲೆಕ್ಕ ಹೀಗೆ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2003ರಲ್ಲಿ ಮಿಥೈಲ್ ಪಾದರಸಕ್ಕೆ ಇಟ್ಟ ಮಿತಿ, ದೇಹದ ಪ್ರತಿ ಕೆಜಿ ತೂಕಕ್ಕೆ ವಾರಕ್ಕೆ 1.6 ಮೈಕ್ರೋಗ್ರಾಂ. 50 ಕೆಜಿ ತೂಕದ ಹೆಂಗಸಿಗೆ ವಾರಕ್ಕೆ 80. ಕೆಜಿಗೆ 0.05 ಮಿಲಿಗ್ರಾಂ ಇರುವ ಮೀನಾದರೆ ವಾರಕ್ಕೆ 1,600 ಗ್ರಾಂ ತಿಂದರೂ ಮಿತಿಯ ಅಂಚು. 1 ಮಿಲಿಗ್ರಾಂ ಇರುವ ಶಾರ್ಕಾದರೆ 80 ಗ್ರಾಮಿಗೆ ಮುಗಿಯಿತು, ಎರಡು ತುಂಡು. ವಾರಕ್ಕೊಮ್ಮೆ ಬಂಗಡೆಯಂಥ ಕಡಿಮೆ ಪಾದರಸದ ಮೀನಿನ ಸಾರು ಮಾಡುವ ಮನೆಯವರು ಪಾದರಸದ ಚಿಂತೆ ಮಾಡುವ ಅಗತ್ಯವಿಲ್ಲ ಎಂದು ಇದರಿಂದ ಧೈರ್ಯವಾಗಿ ಹೇಳಬಹುದು. ಸುರಮಯಿ ನಡುವಿನ ಮೀನು. ಅದರ ಅಮೆರಿಕದ ದಾಯಾದಿ ಕಿಂಗ್ ಮ್ಯಾಕರೆಲ್ ಆ ಪಟ್ಟಿಯಲ್ಲಿ 0.73ಕ್ಕೆ ಏರಿ ಗರ್ಭಿಣಿಯರಿಗೆ ವರ್ಜ್ಯವಾಗಿದೆ. ಜಾತಿ ಒಂದೇ ಅಲ್ಲ, ಆದರೆ ಬೆಳೆದ ದೊಡ್ಡ ಸುರಮಯಿಯ ನಡುತುಂಡಿಗೆ ಗರ್ಭಿಣಿ ಮನೆಯಲ್ಲಿದ್ದಾಗ ಹಟ ಹಿಡಿಯಬೇಕಾಗಿಲ್ಲ.

ಆರ್ಸೆನಿಕ್ ಎಂಬ ಹೆಸರು ಕೇಳಿ ಹೆದರುವುದಕ್ಕಿಂತ ಮೊದಲು ಒಂದು ಮಾತು. ಸಮುದ್ರದ ಮೀನು, ಸೀಗಡಿಯಲ್ಲಿ ಒಟ್ಟು ಆರ್ಸೆನಿಕ್ ಅಳೆದರೆ ದೊಡ್ಡ ಅಂಕಿ ಬರುತ್ತದೆ. ಬಹುಪಾಲು ಅದು ಆರ್ಸೆನೋಬೀಟೇನ್, ದೇಹಕ್ಕೆ ಹೋಗಿ ಹಾಗೇ ಹೊರಬೀಳುವಂಥದ್ದು. ವಿಷವಾಗುವುದು ಅಜೈವಿಕ ಆರ್ಸೆನಿಕ್. ಎರಡನ್ನೂ ಬೇರ್ಪಡಿಸದ ವರದಿ ಯಾವ ಕೆಲಸಕ್ಕೂ ಬಾರದು.

ವರದಿಗಳನ್ನು ಓದುವಾಗ ಇದಕ್ಕಿಂತ ದೊಡ್ಡ ಹೊಂಡ ಇನ್ನೊಂದಿದೆ. ಪ್ರಯೋಗಾಲಯದಲ್ಲಿ ಮಾಂಸವನ್ನು ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ಎಷ್ಟೋ ಸಂಶೋಧನಾ ಪ್ರಬಂಧಗಳ ಕೋಷ್ಟಕದಲ್ಲಿರುವುದು ಒಣತೂಕದ ಅಂಕಿ. ಕಾನೂನಿನ ಮಿತಿ ಇರುವುದು ಹಸಿ ಮೀನಿಗೆ. ಮೀನಿನ ಮಾಂಸದಲ್ಲಿ ಮುಕ್ಕಾಲಿನಿಂದ ಐದರಲ್ಲಿ ನಾಲ್ಕು ಪಾಲು ನೀರು. ಒಣತೂಕದ ಅಂಕಿಯನ್ನು ಹಸಿತೂಕದ ಮಿತಿಗೆ ಹೋಲಿಸಿದರೆ ನಾಲ್ಕೈದು ಪಟ್ಟು ಸುಳ್ಳು ಭಯ ಹುಟ್ಟುತ್ತದೆ. ‘ಮಿತಿಯ ನಾಲ್ಕು ಪಟ್ಟು ಸೀಸ’ ಎಂಬ ತಲೆಬರಹ ಕಂಡಾಗ ಮೊದಲು ನೋಡಬೇಕಾದದ್ದು ಇದನ್ನು. ಎರಡನೆಯದಾಗಿ, ಮಾಂಸ ಅಳೆದದ್ದೋ, ಇಡೀ ಮೀನನ್ನು ಅರೆದು ಅಳೆದದ್ದೋ ಎಂಬುದನ್ನು. ಒಣಮೀನಿಗೂ ಇದೇ ನ್ಯಾಯ. ಸಂತೆಯ ಸುಕಟ, ಬೊಂಬಿಲದಲ್ಲಿ ಕೆಜಿ ಲೆಕ್ಕದಲ್ಲಿ ಲೋಹ ಹೆಚ್ಚು ಕಾಣುತ್ತದೆ, ಆದರೆ ಅದನ್ನು ತಿನ್ನುವುದು ಚಟ್ನಿಯಷ್ಟು.

ಕಾನೂನು ಏನು ಹೇಳುತ್ತದೆ? ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಮೀನಿನ ಸೀಸಕ್ಕೆ ಕೆಜಿಗೆ 0.3 ಮಿಲಿಗ್ರಾಂ, ಹೆಚ್ಚಿನ ಮೀನುಗಳ ಪಾದರಸಕ್ಕೆ 0.5. ಯುರೋಪಿನಲ್ಲಿಯೂ ಸೀಸಕ್ಕೆ ಇದೇ 0.3. ನನಗೆ ಈ ಸೀಸದ ಅಂಕಿಯ ಮೇಲೆ ಭರವಸೆ ಕಡಿಮೆ. ಏಕೆಂದರೆ ಆ ಜಂಟಿ ಸಮಿತಿಯೇ 2010ರಲ್ಲಿ ಸೀಸದ ವಾರದ ಮಿತಿಯನ್ನು ಹಿಂತೆಗೆದುಕೊಂಡಿತು; ಮಕ್ಕಳ ಮಿದುಳಿಗೆ ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಗೆರೆ ಎಳೆಯಲಾಗದು ಎಂದು. ಅಮೆರಿಕ 2022ರಲ್ಲಿ ಮಕ್ಕಳಿಗೆ ಆಹಾರದಿಂದ ದಿನಕ್ಕೆ 2.2 ಮೈಕ್ರೋಗ್ರಾಂ, ಹೆರುವ ವಯಸ್ಸಿನ ಹೆಂಗಸರಿಗೆ 8.8 ಎಂದು ಉಲ್ಲೇಖ ಮಟ್ಟ ಇಟ್ಟುಕೊಂಡಿದೆ. ಕಾನೂನಿನ ಮಿತಿಯೊಳಗೇ ಇರುವ, 0.3 ಮುಟ್ಟಿದ ಮೀನನ್ನು ಒಂದು ಮಗು 100 ಗ್ರಾಂ ತಿಂದರೆ 30 ಮೈಕ್ರೋಗ್ರಾಂ. ಹಬ್ಬಕ್ಕೊಮ್ಮೆ ತಿನ್ನುವ ಮನೆಗೆ ಇದು ಲೆಕ್ಕಕ್ಕಿಲ್ಲ. ದಿನಾ ಬಲೆ ಬೀಸಿ, ಮಾರಿ ಉಳಿದದ್ದನ್ನು ತಾವೇ ಉಣ್ಣುವ ಅಂಬಿಗರ, ಭೋಯಿಗಳ, ಕೋಲಿ ಜನರ ಮನೆಗೆ ಬಹಳ ದೊಡ್ಡದು. ಮಾರಿ ಉಳಿಯುವುದೂ ಸಣ್ಣ ಮೀನೇ, ತಲೆಗಳೇ.

ಈ ಗಡಿ ತಾಲ್ಲೂಕುಗಳಲ್ಲಿ ಲಿಂಗಾಯತರೂ ಜೈನರೂ ಹೆಚ್ಚು, ಮೀನು ಮುಟ್ಟದ ಮನೆಗಳೇ ಬಹಳ. ತಾಲ್ಲೂಕಿನ ಸರಾಸರಿ ತೆಗೆದರೆ ಮೀನಿನಿಂದ ಬರುವ ಲೋಹ ಸೊನ್ನೆಯ ಹತ್ತಿರ ಇರುತ್ತದೆ, ವರದಿಯೂ ಚೆಂದ ಕಾಣುತ್ತದೆ. ಸರಾಸರಿಯೊಳಗೆ ಮುಳುಗಿಹೋಗುವುದು ದಂಡೆಯ ನೂರಾರು ಮನೆಗಳು. ಜಪಾನಿನಲ್ಲೂ ಮೊದಲು ಬಿದ್ದವರು ಇಂಥವರೇ. 1956ರ ಮೇ 1ರಂದು ಮಿನಮಾಟಾದ ರೋಗ ಅಧಿಕೃತವಾಗಿ ದಾಖಲಾದಾಗ ಸಿಕ್ಕವರು ಕೊಲ್ಲಿಯ ಮೀನುಗಾರರ ಹಳ್ಳಿಗಳ ಮಕ್ಕಳು. ಅದಕ್ಕೂ ಮುಂಚೆ ಅಲ್ಲಿಯ ಮನೆಗಳ ಬೆಕ್ಕುಗಳು ಕುಣಿದು ಕುಣಿದು ಸತ್ತಿದ್ದವು. ಚಿಸ್ಸೊ ಕಾರ್ಖಾನೆಯ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಹನ್ನೆರಡು ವರ್ಷ ಕೊಳವೆ ಹರಿಯುತ್ತಲೇ ಇತ್ತು. ಜಿಂಜೂ ನದಿಯ ಕ್ಯಾಡ್ಮಿಯಂ ರೋಗಕ್ಕೂ ಅದೇ ವರ್ಷ ಒಪ್ಪಿಗೆ ಸಿಕ್ಕಿತು. ಅಲ್ಲಿ ವಿಷ ಬಂದದ್ದು ಮೀನಿನಿಂದಲ್ಲ, ಹೆಚ್ಚಾಗಿ ಗಣಿಯ ನೀರು ಹಾಯಿಸಿದ ಭತ್ತದಿಂದ. ಹೊಳೆ ನೀರನ್ನೇ ಪಂಪು ಹಚ್ಚಿ ಹೊಲಕ್ಕೆ ಎತ್ತುವ ನಮ್ಮ ಸಸ್ಯಾಹಾರಿಗಳೂ ಈ ಕಥೆಯಿಂದ ಹೊರಗಿಲ್ಲ.

ಕೃಷ್ಣೆ ಮಿನಮಾಟಾ ಅಲ್ಲ. ಅಂಥ ಪಾದರಸದ ಕಾರ್ಖಾನೆ ಇಲ್ಲಿಲ್ಲ. ಕರ್ನಾಟಕದಲ್ಲಿ ಪಾದರಸದ ಪ್ರಶ್ನೆ ಎದ್ದದ್ದು ಕಾರವಾರದ ಪಕ್ಕದ ಬಿಣಗಾದಲ್ಲಿ, ಅಲ್ಲಿಯ ಕಾಸ್ಟಿಕ್ ಸೋಡಾ ತಯಾರಿಕೆ ಪಾದರಸದ ಕೋಶಗಳಲ್ಲಿ ನಡೆಯುತ್ತಿದ್ದ ಕಾಲಕ್ಕೆ. ಉತ್ತರದಲ್ಲಿ ಸಿಂಗ್ರೌಲಿಯ ಜಲಾಶಯದ ಮೀನಿನಲ್ಲಿ ಮಿಥೈಲ್ ಪಾದರಸ ಮಿತಿ ಮೀರಿರುವುದನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2012ರಲ್ಲಿ ತೋರಿಸಿತು. ಅಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳ ಸಾಲೇ ಇದೆ. ನಮ್ಮ ದಂಡೆಯಲ್ಲಿ ಪಾದರಸಕ್ಕಿಂತ ಸೀಸ ದೊಡ್ಡ ಪ್ರಶ್ನೆ, ಅದರ ಹಿಂದೆ ಕ್ಯಾಡ್ಮಿಯಂ. ಮೀನಿನ ಬಗ್ಗೆ ಬರೆಯುವವರು ಮಿನಮಾಟಾದ ಹೆಸರಿನಿಂದಲೇ ಆರಂಭಿಸಿ ಇಡೀ ಗಮನವನ್ನು ಪಾದರಸಕ್ಕೆ ಒಯ್ಯುತ್ತಾರೆ. ಅದು ಸಮುದ್ರದವರ ಪಾಠ.

ಸೀಸ ನೀರಿನಿಂದಷ್ಟೇ ಬರುತ್ತದೆಯೇ? ಬೀಸುಬಲೆಯ ಅಂಚಿನ ಗುಂಡುಗಳು ಸೀಸದವು. ಬಲೆ ಬೀಸುವವರು ಅಂಚಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಮೈ ತಿರುಗಿಸಿ ಬಿಡುತ್ತಾರೆ. ಹಳೇ ಸೀಸ ಕರಗಿಸಿ ಗುಂಡು ಎರೆಯುವುದೂ ಮನೆಯ ಒಲೆಯಲ್ಲೇ. ಮೀನುಗಾರನ ರಕ್ತದಲ್ಲಿ ಸೀಸ ಸಿಕ್ಕಿತೆಂದರೆ ಅಪರಾಧಿ ಮೀನೋ ಬಲೆಯೋ ಎಂದು ಕೇಳಬೇಕಾಗುತ್ತದೆ. ಮಸಾಲೆಯ ಕಥೆ ಬೇರೆ. ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವುದು ಬಾಂಗ್ಲಾದೇಶದಲ್ಲೂ ಬಿಹಾರದಲ್ಲೂ ಪತ್ತೆಯಾಗಿದೆ. ಅಂಥ ಅರಿಶಿನ ಅರ್ಧ ಚಮಚ ಬಿದ್ದರೆ ಮೀನಿನಲ್ಲಿದ್ದ ಸೀಸ ಏನೇನೂ ಅಲ್ಲ. ಕಲಾಯಿಯ ತವರದಲ್ಲಿ ಸೀಸ ಸೇರಿದ್ದರೆ ಹುಣಸೆ, ಆಮಸೋಲು ಹಾಕಿ ಕುದಿಸಿದ ಹುಳಿ ಅದನ್ನು ಕರಗಿಸಿಕೊಳ್ಳುತ್ತದೆ. ಅದೇ ಹುಳಿ ಮೀನಿನೊಳಗಿನ ಪಾದರಸವನ್ನು ತೆಗೆಯಲಾರದು. ಹುರಿದರೆ, ಬೇಯಿಸಿದರೆ ಹೋಗಲು ಲೋಹ ಕ್ರಿಮಿಯಲ್ಲ.

ಕ್ಯಾಡ್ಮಿಯಂ ಮಾತು ಬಂದಾಗ ತಂಬಾಕಿನ ಊರಾದ ನಿಪ್ಪಾಣಿಯನ್ನು ಬಿಟ್ಟು ಹೋಗುವಂತಿಲ್ಲ. ತಂಬಾಕು ಮಣ್ಣಿನ ಕ್ಯಾಡ್ಮಿಯಂ ಅನ್ನು ಎಳೆದು ಎಲೆಯಲ್ಲಿ ಕೂಡಿಡುವುದರಲ್ಲಿ ಬಹಳ ಗಟ್ಟಿ ಬೆಳೆ. ಒಂದು ಸಿಗರೇಟಿನಲ್ಲಿ 1ರಿಂದ 2 ಮೈಕ್ರೋಗ್ರಾಂ ಇರುತ್ತದೆ, ಹತ್ತನೆಯ ಒಂದು ಪಾಲು ಹೊಗೆಯೊಂದಿಗೆ ಪುಪ್ಪುಸಕ್ಕೆ ಹೋಗುತ್ತದೆ, ಅದರಲ್ಲಿ ಅರ್ಧದಷ್ಟನ್ನು ರಕ್ತ ಹೀರುತ್ತದೆ. ದಿನಕ್ಕೆ 20 ಸೇದುವವನಿಗೆ ರಕ್ತಕ್ಕೇ 1 ಮೈಕ್ರೋಗ್ರಾಂ ಅಥವಾ ಹೆಚ್ಚು. ಯುರೋಪು ಬಹುಪಾಲು ಮೀನಿಗೆ ಇಟ್ಟ ಕ್ಯಾಡ್ಮಿಯಂ ಮಿತಿ ಕೆಜಿಗೆ 0.05 ಮಿಲಿಗ್ರಾಂ. ಆ ಮಿತಿ ಮುಟ್ಟಿದ 200 ಗ್ರಾಂ ಮೀನಿನಲ್ಲಿ 10 ಮೈಕ್ರೋಗ್ರಾಂ ಇದ್ದರೂ ಕರುಳು ಹೀರುವುದು ನೂರಕ್ಕೆ ಐದರಷ್ಟು, ಎಂದರೆ ಅರ್ಧ ಮೈಕ್ರೋಗ್ರಾಂ. ಬೀಡಿಯ ತಂಬಾಕಿಗೂ ಗುಣ ಅದೇ. ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿಯೂ ಹುರಿದ ತಂಬಾಕೇ. ಒಮ್ಮೆ ಒಳಹೋದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತರಿಂದ ಮೂವತ್ತು ವರ್ಷ ಕೂರುತ್ತದೆ. ಮಿಥೈಲ್ ಪಾದರಸ ಸುಮಾರು ಎರಡು ತಿಂಗಳಲ್ಲಿ ಅರ್ಧವಾಗುತ್ತದೆ. ಹೊಳೆ ಮೀನು ವಿಷವೆಂದು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ ವಾದಿಸುವವರ ಮುಂದೆ ಈ ಲೆಕ್ಕ ಇಡಬಹುದು. ಹಾಗೆಂದು ಹೊಳೆ ಕೆಡಿಸಿದವರಿಗೆ ಇದರಿಂದ ಬಿಡುಗಡೆಯಿಲ್ಲ. ಸೇದುವವನ ಮೂತ್ರಪಿಂಡಕ್ಕೆ ಮೀನಿನ ಅರ್ಧ ಮೈಕ್ರೋಗ್ರಾಂ ಮೇಲೆ ಬೀಳುವ ಹೊರೆ.

ಭಯದಿಂದ ಮೀನನ್ನೇ ಬಿಟ್ಟರೆ ಆಗುವ ನಷ್ಟವೂ ಸಣ್ಣದಲ್ಲ. ಫೆರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ, ತಾಯಿಯ ಪಾದರಸ ಹೆಚ್ಚಿದ್ದ ಕಡೆ ಮಕ್ಕಳ ನೆನಪು, ಮಾತಿನಲ್ಲಿ ಕೊರತೆ ಕಂಡಿತು. ಅಲ್ಲಿ ಪಾದರಸ ಬಂದದ್ದು ತಿಮಿಂಗಿಲದ ಮಾಂಸದಿಂದ. ಸೇಶೆಲ್ಸ್‌ನಲ್ಲಿ ದಿನವೂ ಸಮುದ್ರದ ಮೀನು ಉಣ್ಣುವ ತಾಯಂದಿರ ಮಕ್ಕಳಲ್ಲಿ ಅಂಥ ಕೊರತೆ ಕಾಣಲಿಲ್ಲ. ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದ ಮೇಲೆ ಅದೇ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ 2010ರ ಜಂಟಿ ಸಮಾಲೋಚನೆ, ಕಡಿಮೆ ಪಾದರಸದ ಮೀನು ತಿನ್ನುವ ಗರ್ಭಿಣಿಯ ಮಗುವಿಗೆ ಲಾಭವೇ ಹೆಚ್ಚು ಎಂದಿತು. ರಕ್ತಹೀನತೆಯಿಂದ ಬಳಲುವ ನಮ್ಮ ಹೆಂಗಸರಿಗೆ ‘ಮೀನು ಬೇಡ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಡಾಕ್ಟರು ಯಾವ ಮೀನು, ಯಾವ ಭಾಗ, ವಾರಕ್ಕೆ ಎಷ್ಟು ಎಂದು ಕೇಳುವುದಿಲ್ಲ.

ಪರೀಕ್ಷೆ ಮಾಡುವ ವಿದ್ಯೆ ನಮ್ಮಲ್ಲಿಲ್ಲವೆಂದಲ್ಲ. ನಮ್ಮ ದೇಶದ ಬೊಂಡಾಸ, ಮಾಣಕಿಗಳಲ್ಲಿ (ಸ್ಕ್ವಿಡ್ ಜಾತಿ) ಕ್ಯಾಡ್ಮಿಯಂ ಹೆಚ್ಚಿದೆಯೆಂದು ಯುರೋಪು ಹಲವು ಬಾರಿ ಮಾಲು ತಡೆದಿದೆ. ಆ ಲೋಹ ಇರುವುದು ಅವುಗಳ ಜೀರ್ಣಗ್ರಂಥಿಯಲ್ಲಿ, ಕತ್ತರಿಸುವಾಗ ಗ್ರಂಥಿ ಒಡೆದರೆ ಮಾಂಸಕ್ಕೂ ತಾಗುತ್ತದೆ. ಆಮೇಲೆ ರಫ್ತು ತಪಾಸಣಾ ವ್ಯವಸ್ಥೆ ಚುರುಕಾಯಿತು, ಸ್ವಚ್ಛ ಮಾಡುವ ಕ್ರಮ ಬದಲಾಯಿತು. ಹೊರಗೆ ಹೋಗುವ ಮಾಲಿಗೆ ಇರುವ ಈ ಕಣ್ಣು ಅಂಕಲಿಯ ಪೇಟೆಗೆ ಬರುವ ಬುಟ್ಟಿಗೆ ಇಲ್ಲ. 2018ರಲ್ಲಿ ಫಾರ್ಮಲಿನ್ ಗುಲ್ಲೆದ್ದು ಗೋವಾ ಹೊರರಾಜ್ಯದ ಮೀನನ್ನೇ ನಿಲ್ಲಿಸಿದಾಗ ಪರೀಕ್ಷಾ ಪಟ್ಟಿಗಳು ರಾತ್ರೋರಾತ್ರಿ ಮಾರುಕಟ್ಟೆಗೆ ಬಂದವು. ಕಾಗದದ ಪಟ್ಟಿಯ ಬಣ್ಣ ನೋಡಿ ಮೀನಿನ ಸೀಸ ಹೇಳಲು ಬರುವುದಿಲ್ಲ. ಅದಕ್ಕೆ ಐಸಿಪಿ–ಎಂಎಸ್‌ನಂಥ ಯಂತ್ರವೂ ಅದನ್ನು ನಡೆಸುವ ಕೈಯೂ ಬೇಕು. ಬೆಳಗಾವಿಯಲ್ಲಿ ವಿಭಾಗೀಯ ಆಹಾರ ಪ್ರಯೋಗಾಲಯವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ.

ಮಾದರಿ ಎಲ್ಲಿಂದ ಎತ್ತಬೇಕೆಂಬುದೂ ಗೊಂದಲದ ವಿಷಯವಲ್ಲ. ರಾಜಾಪುರ ಬಂಧಾರದ ಕೆಳಗೆ ಜುಗೂಳಿನಲ್ಲಿ ಒಂದು, ದೂಧಗಂಗೆ ಕೂಡುವ ಮುನ್ನ ಸದಲಗಾದಲ್ಲಿ ಒಂದು, ಕೂಡಿದ ಮೇಲೆ ಮಾಂಜರಿಯಲ್ಲಿ, ಕುಡಚಿಯಲ್ಲಿ, ಹಿಪ್ಪರಗಿಯ ಹಿನ್ನೀರಿನಲ್ಲಿ. ಮಳೆಗಾಲದಲ್ಲಿ ಎತ್ತಿದರೆ ಏನೂ ತಿಳಿಯದು. ಏಪ್ರಿಲ್‌ನಲ್ಲಿ ನೀರಿಳಿದಾಗ ಒಮ್ಮೆ, ಪ್ರವಾಹ ಇಳಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ. ತಳ ಕೆದಕುವ ಮೃಗಾಲ್, ಬೇಟೆಯ ಮುರ್ಲ, ಇಡಿಯಾಗಿ ತಿನ್ನುವ ಸಣ್ಣ ಮೀನು, ಈ ಮೂರು ಸಾಕು. ಮಾಂಸ ಬೇರೆ, ಯಕೃತ್ತು ಬೇರೆ, ಸಣ್ಣ ಮೀನನ್ನು ಮಾತ್ರ ಇಡಿಯಾಗಿ ಅಳೆದು, ಹಸಿತೂಕದಲ್ಲಿ ಅಂಕಿ ಬರೆಯಬೇಕು. ಜೊತೆಗೆ ದಂಡೆಯ ಮೀನುಗಾರರ ಮನೆಗಳಲ್ಲಿ ಒಪ್ಪಿದ ತಾಯಿ–ಮಕ್ಕಳ ರಕ್ತದ ಸೀಸ, ಅದರ ಪಕ್ಕದಲ್ಲೇ ಆ ಮನೆಯ ಅರಿಶಿನದ ಡಬ್ಬಿಯದು, ಬಲೆಯ ಗುಂಡು ಮನೆಯಲ್ಲೇ ಎರೆಯುತ್ತಾರೆಯೇ ಎಂಬ ಒಂದು ಪ್ರಶ್ನೆ. ಬಲೆಗೆ ಸೀಸದ ಬದಲು ಕಬ್ಬಿಣದ ಬಳೆ ಕಟ್ಟಲು ಈ ವರದಿಗಾಗಿ ಕಾಯಬೇಕಾಗಿಲ್ಲ. ಅದು ಬೇಗ ತುಕ್ಕು ಹಿಡಿಯುತ್ತದೆ, ಅಷ್ಟೇ ತೂಕಕ್ಕೆ ಹೆಚ್ಚು ಬಳೆ ಬೇಕಾಗುತ್ತದೆ. ಆ ಹೆಚ್ಚಿನ ಖರ್ಚನ್ನು ಮೀನುಗಾರಿಕೆ ಇಲಾಖೆ ಬಲೆಯ ಸಹಾಯಧನದಲ್ಲೇ ಸೇರಿಸಬಹುದು.